ಏಳಕ್ಕೆ ಏಳುವ ವಾರ್ಡು

ಬೆಳಕು ಇನ್ನೂ ಕಿಟಕಿಯ ಗಾಜಿನಾಚೆಯೇ ನಿಂತಿದೆ. ಮೂಳೆ ವಾರ್ಡಿನ ಬಾಗಿಲ ಬಳಿ ಹೆಂಗಸೊಬ್ಬರು ಒಂದು ಮೊಣಕಾಲನ್ನು ನೆಲಕ್ಕೂರಿ, ಇನ್ನೊಂದನ್ನು ಮಡಚಿ ನಿಲ್ಲಿಸಿ, ಟ್ರಾಲಿಯ ಚಕ್ರಕ್ಕೆ ಸುತ್ತಿಕೊಂಡ ಕೂದಲು ಬಿಡಿಸುತ್ತಿದ್ದಾರೆ. ಕೈಯಲ್ಲಿರುವುದು ಸಣ್ಣ ಕತ್ತರಿ. ಉದುರಿದ ಕೂದಲು, ಬ್ಯಾಂಡೇಜಿನ ನೂಲು, ಹೊದಿಕೆಯ ಅಂಚಿನಿಂದ ಕಿತ್ತುಬಂದ ದಾರ ಎಲ್ಲ ಸೇರಿ ಚಕ್ರದ ನಡುವೆ ಹಕ್ಕಿಗೂಡಿನಂತೆ ಗಂಟುಕಟ್ಟಿವೆ. ಅವರು ಎಳೆಯುವುದಿಲ್ಲ. ಕತ್ತರಿಯ ತುದಿ ತೂರಿಸಿ ಎಳೆ ಎಳೆಯಾಗಿ ಕತ್ತರಿಸಿ, ತೆಗೆದದ್ದನ್ನು ಹಳೆಯ ಪತ್ರಿಕೆಯ ಚೂರಿನ ಮೇಲೆ ಇಡುತ್ತಾರೆ. ಒಂದು ಚಕ್ರ ಮುಗಿದರೆ ಅಂಗೈಯಿಂದ ತಿರುಗಿಸಿ, ಕಿರುಗುಟ್ಟುತ್ತದೆಯೇ ಎಂದು ಕಿವಿಗೊಡುತ್ತಾರೆ. ಸದ್ದಿಲ್ಲ. ಮುಂದಿನ ಚಕ್ರ. ವಾರ್ಡಿನಲ್ಲಿ ಗೊರಕೆಯ ಹೊರತು ಬೇರೆ ಮಾತಿಲ್ಲ.

ಕೆಲಸ ಮುಗಿದ ಮೇಲೆ ಅವರು ಮೇಲೇಳುವ ರೀತಿಯನ್ನು ನೋಡಬೇಕು. ಸೊಂಟ ಬಗ್ಗುವುದಿಲ್ಲ. ಮಡಚಿದ ಕಾಲಿನ ಮೇಲೆ ಭಾರ ಹಾಕಿ, ಬೆನ್ನು ನೆಟ್ಟಗಿಟ್ಟುಕೊಂಡು, ಬಾವಿಯಿಂದ ತುಂಬಿದ ಕೊಡ ಬಂದಂತೆ ನೇರವಾಗಿ ಮೇಲೆ ಬರುತ್ತಾರೆ. ನಿಂತವರೇ ಎರಡೂ ಅಂಗೈಗಳನ್ನು ಸೊಂಟದ ಹಿಂದಕ್ಕಿಟ್ಟು ಒಮ್ಮೆ ಹಿಂದಕ್ಕೆ ಬಾಗುತ್ತಾರೆ. ನೋಡಿದವರಿಗೆ ಮೈ ಮುರಿಯುತ್ತಿದ್ದಾರೆ ಅನ್ನಿಸಬೇಕು. ಅದು ಅವರ ಔಷಧಿ.

ಇವರೇ ಕ್ರೇನಕ್ಕ. ಕಾಲು ಮುರಿದವರನ್ನು, ಸೊಂಟದ ಆಪರೇಷನ್ ಆದವರನ್ನು ಮಂಚದಿಂದ ಟ್ರಾಲಿಗೆ, ಟ್ರಾಲಿಯಿಂದ ಎಕ್ಸ್‌ರೇ ಮೇಜಿಗೆ, ಮತ್ತೆ ಮಂಚಕ್ಕೆ ದಾಟಿಸುವುದು ಇವರ ಕೆಲಸ. ಡಾಕ್ಟರು ಮೂಳೆ ಕೂಡಿಸುತ್ತಾರೆ, ನರ್ಸು ಮದ್ದು ಕೊಡುತ್ತಾರೆ. ಆದರೆ ರೋಗಿ ಡಾಕ್ಟರ ಮುಂದೆ ಬಂದು ಮಲಗಬೇಕಾದರೆ ಯಾರಾದರೂ ಅವನನ್ನು ಎತ್ತಲೇಬೇಕಲ್ಲ! ಆ 'ಯಾರಾದರೂ' ಎಂಬ ಮಾತಿನೊಳಗೆ ಇರುವವರು ಕ್ರೇನಕ್ಕ. ಗುಣವಾಗಿ ಮನೆಗೆ ಹೋಗುವವರು ಡಾಕ್ಟರಿಗೆ ಕೈ ಮುಗಿಯುತ್ತಾರೆ, ನರ್ಸಿಗೆ ಸಿಹಿ ಕೊಡುತ್ತಾರೆ. ಇವರನ್ನು ಕೇಳುವುದು ಒಂದೇ: "ಅಕ್ಕಾ, ನನ್ನ ಚಪ್ಪಲಿ ನೋಡಿದ್ರಾ?"

ಕಿಟಕಿ ಬೆಳ್ಳಗಾಗುವ ಹೊತ್ತಿಗೆ ಮೊದಲ ಕರೆ ಬರುತ್ತದೆ. ಮೂಲೆಯ ಮಂಚದ ಲಾರಿ ಡ್ರೈವರನಿಗೆ ಇವತ್ತು ಎಕ್ಸ್‌ರೇ. ತೊಡೆ ಮುರಿದಿದೆ. ಆಳು ಅಡ್ಡಕ್ಕೂ ಉದ್ದಕ್ಕೂ ಲಾರಿಯಂತೆಯೇ ಇದ್ದಾನೆ. ಕ್ರೇನಕ್ಕನ ಜೊತೆಗಾರ ಉದ್ದಣ್ಣ ಟ್ರಾಲಿಯನ್ನು ಮಂಚಕ್ಕೆ ಒತ್ತಿ ನಿಲ್ಲಿಸಿ ಬ್ರೇಕು ತುಳಿಯುತ್ತಾನೆ. ಪಕ್ಕದ ವಾರ್ಡಿನಿಂದ ಇಬ್ಬರು ಬಂದು ಸೇರುತ್ತಾರೆ. ರೋಗಿಯ ಕೆಳಗಿನ ಗಟ್ಟಿ ಹೊದಿಕೆಯ ಅಂಚನ್ನು ನಾಲ್ವರೂ ಸುರುಳಿ ಸುತ್ತಿ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಕ್ರೇನಕ್ಕ ಎಲ್ಲರ ಪಾದಗಳನ್ನು ಒಮ್ಮೆ ನೋಡುತ್ತಾರೆ. ಆಮೇಲೆ ಶಾಲೆಯ ಮಗ್ಗಿಯ ಧಾಟಿಯಲ್ಲಿ ಕೂಗುತ್ತಾರೆ.

"ಐದು... ಆರು... ಏಳು!"

ಏಳು ಎಂದದ್ದೇ ತಡ, ನಾಲ್ಕು ಮೈಗಳು ಒಂದೇ ಮೈಯಂತೆ ಹಿಂದಕ್ಕೆ ಸರಿಯುತ್ತವೆ. ಲಾರಿ ಡ್ರೈವರ್ ಬೆಣ್ಣೆಯಿಂದ ಕೂದಲು ತೆಗೆದಂತೆ ಟ್ರಾಲಿಯ ಮೇಲೆ ಬಂದಿದ್ದಾನೆ. ಅಯ್ಯೋ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಳ್ಳುತ್ತಾನೆ.

"ಅಲ್ಲಕ್ಕಾ, ಒಂದು ಎರಡು ಮೂರು ನಾಲ್ಕು ಎಲ್ಲಿಗೆ ಹೋದ್ವು?"

"ರಜೆ ಹಾಕಿವೆ," ಎನ್ನುತ್ತಾರೆ ಕ್ರೇನಕ್ಕ. "ನೀನು ಕೈ ಒಳಗಿಟ್ಕೋ. ಬಾಗಿಲಿಗೆ ತಾಗಿದ್ರೆ ಇನ್ನೊಂದು ಎಕ್ಸ್‌ರೇ ಆಗುತ್ತೆ."

ಆ ರಜೆಯ ಹಿಂದೆ ಒಂದು ಕಥೆ ಇದೆ.

ಕ್ರೇನಕ್ಕ ಈ ಆಸ್ಪತ್ರೆಗೆ ಬಂದದ್ದು ನೆಲ ಒರೆಸಲು. ಒಂದು ದಿನ ವಾರ್ಡಿನಲ್ಲಿ ಅಜ್ಜಿಯೊಬ್ಬರು ಮಂಚದಿಂದ ಜಾರಿದಾಗ, ಹತ್ತಿರದಲ್ಲಿ ಯಾರೂ ಇಲ್ಲದೆ, ಒರೆಸುವ ಬಟ್ಟೆ ಬಿಸಾಕಿ ಓಡಿದರು. ಅಜ್ಜಿಯನ್ನು ಮಗುವಿನಂತೆ ಎತ್ತಿ ಮಲಗಿಸಿದರು. ಬಾಗಿಲಲ್ಲಿ ನಿಂತು ನೋಡಿದ ಹಿರಿಯ ಸಿಸ್ಟರ್, "ಇವಳು ನೆಲಕ್ಕೆ ಅಲ್ಲ, ಮಂಚಕ್ಕೆ ಬೇಕು" ಅಂದರು. ಅಂದಿನಿಂದ ಎತ್ತುವುದೇ ಕೆಲಸವಾಯಿತು. ಮೈಯಲ್ಲಿ ಶಕ್ತಿ ಇತ್ತು, ಬಾಯಲ್ಲಿ ತಮಾಷೆ ಇತ್ತು. ಯಾರೋ ಕ್ರೇನು ಅಂದರು, ಇನ್ಯಾರೋ ಅಕ್ಕ ಸೇರಿಸಿದರು. "ಕೇಳೋಕೆ ಚೆನ್ನಾಗೇ ಇತ್ತು," ಎಂದು ಅವರು ನಗುತ್ತಾರೆ. "ಹೊಗಳಿದ್ರೆ ಕತ್ತೆನೂ ಎರಡು ಮೂಟೆ ಜಾಸ್ತಿ ಹೊರುತ್ತಂತೆ. ನಾನೂ ಹೊತ್ತೆ. ಇಬ್ಬರು ಎತ್ತಬೇಕಾದ್ದನ್ನ ಒಬ್ಬಳೇ ಎತ್ತಿದ್ದೂ ಉಂಟು."

ಮನೆಯಲ್ಲಿ ಅವರ ಅತ್ತೆಗೆ ಮಾತ್ರ ಈ ಬಿರುದು ಹಿಡಿಸಿರಲಿಲ್ಲ. "ಎತ್ತಿ ಎತ್ತಿ ನೀನೇ ಒಂದು ಎತ್ತಾಗಿದ್ದೀಯ," ಎಂದು ಗೊಣಗುತ್ತಿದ್ದರು.

ಬೆನ್ನು ಕೈಕೊಟ್ಟದ್ದು ಸಾಧಾರಣವಾದ ಒಂದು ಬೆಳಿಗ್ಗೆ. ಕ್ರೇನಕ್ಕನ ಹಳೆಯ ಜೊತೆಗಾರ್ತಿ ನಿವೃತ್ತರಾಗಿ, ಕೆಳಮಹಡಿಯ ವಾರ್ಡಿನಿಂದ ಉದ್ದಣ್ಣ ಹೊಸದಾಗಿ ಬಂದಿದ್ದ. ಎತ್ತಬೇಕಾದವರು ಕಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದ ಬೇಕರಿಯ ಮಾಲೀಕರು. ತಮ್ಮ ಬೇಕರಿಯ ಸರಕಿನ ಮೇಲೆ ಅವರಿಗೆ ಎಷ್ಟು ನಂಬಿಕೆ ಇತ್ತೆಂಬುದು ಹೊಟ್ಟೆಯಲ್ಲೇ ಕಾಣುತ್ತಿತ್ತು. ಕ್ರೇನಕ್ಕ ತಲೆಯ ಕಡೆ, ಉದ್ದಣ್ಣ ಕಾಲಿನ ಕಡೆ. "ಒಂದು, ಎರಡು, ಮೂರು" ಎಂದರು. ಕ್ರೇನಕ್ಕ ಎತ್ತಿದರು. ಆ ಕಡೆಯಿಂದ ಭಾರ ಏಳಲಿಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು ಇಡೀ ಬೇಕರಿ ಒಬ್ಬರ ಸೊಂಟದ ಮೇಲೆ ಬಂತು. ಮರುಕ್ಷಣ ಉದ್ದಣ್ಣನೂ ಎತ್ತಿದ. ರೋಗಿ ಸುಖವಾಗಿ ಟ್ರಾಲಿ ಸೇರಿದರು. ಕ್ರೇನಕ್ಕನಿಗೆ ಮಾತ್ರ ಸೊಂಟದಲ್ಲಿ ಹಸಿ ಕಡ್ಡಿ ಲಟಕ್ಕೆಂದಂತೆ ಕೇಳಿಸಿತು.

"ಏನಾಯ್ತಕ್ಕಾ?" ಎಂದ ಉದ್ದಣ್ಣ.

"ಏನಿಲ್ಲ, ಗಾಡಿ ತಳ್ಳು," ಎಂದರು ಇವರು.

ಎರಡೇ ದಿನದಲ್ಲಿ ಸೊಂಟದ ನೋವು ಮರೆತೇ ಹೋಯಿತು. ಯಾಕೆಂದರೆ ಅದಕ್ಕಿಂತ ದೊಡ್ಡ ನೋವು ಕಾಲಿನಲ್ಲಿ ಶುರುವಾಗಿತ್ತು. ಎಡ ಪೃಷ್ಠದಿಂದ ಹೊರಟು, ತೊಡೆಯ ಹಿಂಬದಿಯಲ್ಲಿ ಇಳಿದು, ಮೀನಖಂಡ ದಾಟಿ ಪಾದದವರೆಗೆ. "ಕಾದ ತಂತಿಯನ್ನ ಒಳಗೆ ಇಟ್ಟು ಯಾರೋ ಎಳೀತಿರೋ ಹಾಗೆ," ಎಂದು ಕ್ರೇನಕ್ಕ ಬೆರಳಿನಿಂದ ಆ ದಾರಿಯನ್ನು ತೋರಿಸುತ್ತಾರೆ. ಕೆಮ್ಮಿದರೆ ತಂತಿ ಮಿಡಿಯುತ್ತಿತ್ತು. ಸೀನು ಬಂದರೆ ಗೋಡೆ ಹಿಡಿಯಬೇಕು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗದೆ ನಿಂತೇ ಬರುವರು.

ನೋವು ಕಾಲಿನಲ್ಲಿದ್ದ ಮೇಲೆ ತಪ್ಪೂ ಕಾಲಿನದೇ ಇರಬೇಕಲ್ಲ! ಮನೆಯಲ್ಲಿ ಕಾಲಿನ ಸೇವೆ ನಡೆಯಿತು. ಅತ್ತೆ ದಿನವೂ ಮೀನಖಂಡಕ್ಕೆ ಬಿಸಿ ಎಣ್ಣೆ ತಿಕ್ಕಿದರು. ಬೀಗ ರಿಪೇರಿಯ ಸಣ್ಣ ಅಂಗಡಿ ಇಟ್ಟಿರುವ ಗಂಡ, ಆಸ್ಪತ್ರೆಯ ತಣ್ಣನೆಯ ನೆಲವೇ ಕಾರಣ ಎಂದು ತೀರ್ಮಾನಿಸಿ ದಪ್ಪ ಅಟ್ಟೆಯ ಚಪ್ಪಲಿ ತಂದರು. ಕ್ರೇನಕ್ಕ ಬಟ್ಟೆಯ ಪಟ್ಟಿಯಿಂದ ಕಾಲನ್ನು ಬಿಗಿದು ಕಟ್ಟಿಕೊಂಡು, ಅದರ ಮೇಲೆ ಸೀರೆ ಇಳಿಬಿಟ್ಟು ಕೆಲಸಕ್ಕೆ ಹೋದರು. ಮೂಳೆ ವಾರ್ಡಿನಲ್ಲೇ ಇಷ್ಟು ವರ್ಷ ಇದ್ದು, ಡಿಸ್ಕ್ ಜಾರಿದವರನ್ನು ಕೈಯಾರೆ ಎತ್ತಿ ಮಲಗಿಸಿದವರಿಗೆ ತಮ್ಮದೇ ಬೆನ್ನಿನ ಮೇಲೆ ಅನುಮಾನ ಬರಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತಲ್ಲ, ಹಾಗಾಯ್ತು. ಬರೆ ಹಾಕಿದವರಲ್ಲಿ ನಾನೇ ಮುಂದೆ," ಎನ್ನುತ್ತಾರೆ ಈಗ.

ಗುಟ್ಟು ರಟ್ಟು ಮಾಡಿದ್ದು ಆ ದಪ್ಪ ಅಟ್ಟೆಯ ಚಪ್ಪಲಿಯೇ. ವಾರ್ಡಿನಲ್ಲಿ ನಡೆಯುವಾಗ ಎಡಗಾಲಿನದು ಮತ್ತೆ ಮತ್ತೆ ಕಳಚಿ ಬೀಳತೊಡಗಿತು. ಒಂದು ದಿನ ಹಿರಿಯ ಸಿಸ್ಟರ್ ತಡೆದು ನಿಲ್ಲಿಸಿದರು.

"ಇದೇನು, ನಿನ್ನ ಕಾಲು ನೆಲ ಗುಡಿಸ್ತಿದೆ?"

"ಚಪ್ಪಲಿ ಸಡಿಲ ಸಿಸ್ಟರ್."

"ಚಪ್ಪಲಿ ಬಿಡು. ಹೆಬ್ಬೆರಳು ಮೇಲಕ್ಕೆತ್ತು, ನೋಡೋಣ."

ಬಲಗಾಲಿನ ಹೆಬ್ಬೆರಳು ಟಕ್ಕನೆ ಎದ್ದಿತು. ಎಡಗಾಲಿನದು ಅರ್ಧಕ್ಕೆ ನಿಂತಿತು. ಸಿಸ್ಟರ್ ಮತ್ತೇನೂ ಕೇಳದೆ ರಟ್ಟೆ ಹಿಡಿದು ಡಾಕ್ಟರ ಬಳಿಗೆ ಕರೆದೊಯ್ದರು. ಮಲಗಿಸಿ, ಕಾಲನ್ನು ನೇರವಾಗಿ ಮೇಲೆತ್ತಿದಾಗ ಒಂದು ಗೇಣು ಏಳುವಷ್ಟರಲ್ಲಿ ಕ್ರೇನಕ್ಕ ಹಾಕಿದ ಕೂಗಿಗೆ, ಎದುರು ಮಂಚದವರು ತಮ್ಮ ನೋವು ಮರೆತು ಎದ್ದು ಕೂತರಂತೆ. ಸ್ಕ್ಯಾನ್ ಆಯಿತು. ಸೊಂಟದ ಕೊನೆಯ ಮೂಳೆಗಳ ನಡುವಿನ ಮೆತ್ತೆ ಉಬ್ಬಿ ಹೊರಬಂದು, ಕಾಲಿಗೆ ಇಳಿಯುವ ನರದ ಬುಡವನ್ನು ಒತ್ತುತ್ತಿತ್ತು. ಕರೆಗಂಟೆಯ ಗುಂಡಿ ಒತ್ತುವುದು ಬಾಗಿಲಲ್ಲಿ, ಸದ್ದು ಬರುವುದು ಅಡುಗೆಮನೆಯಲ್ಲಿ ಅಲ್ಲವೇ, ಹಾಗೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಇಂಥದ್ದು ಹೆಚ್ಚಿನವರಿಗೆ ಆಪರೇಷನ್ ಇಲ್ಲದೇ ಇಳಿಯುತ್ತದೆ. ಮಾತ್ರೆ, ವ್ಯಾಯಾಮ, ತಾಳ್ಮೆ ಬೇಕು. ಆದರೆ ಪಾದದ ಬಲ ಇನ್ನೂ ಕುಗ್ಗಿದರೆ, ತೊಡೆಯ ಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಒಂದು ಗಳಿಗೆಯೂ ಕಾಯದೆ ಬರಬೇಕು ಎಂದು ಎಚ್ಚರಿಸಿದರು.

ಇನ್ನು ಎತ್ತುವ ಮಾತೇ ಇರಲಿಲ್ಲ. ರಜೆ ಮುಗಿಸಿ ಬಂದ ಮೇಲೆ ಕ್ರೇನಕ್ಕ ಬಟ್ಟೆ ಕೋಣೆಗೆ ಹೋಗಲಿ ಎಂದು ಆಫೀಸು ಹೇಳಿತು. ನೆಲಮಾಳಿಗೆಯ ಆ ಕೋಣೆಯಲ್ಲಿ ಒಗೆದು ಬಂದ ಹೊದಿಕೆಗಳನ್ನು ಕೂತು ಮಡಚುವುದು, ಜೋಡಿಸುವುದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಕ್ರೇನಕ್ಕನಿಗೆ ಅದು ನೋವಿಗಿಂತ ಹೆಚ್ಚು ನೋಯಿಸಿತು.

"ಹೊದಿಕೆ ನರಳಲ್ಲ, ಬೈಯಲ್ಲ, ನಗಲ್ಲ. ವಾರ್ಡಲ್ಲಿ ಬೆಳಿಗ್ಗೆ 'ಬಂದ್ಯೇನಮ್ಮಾ' ಅಂತ ಹತ್ತು ಮಂಚ ಕೇಳ್ತವೆ. ಅಲ್ಲಿಗೆ ಹೋಗಿ ಕೂತಿದ್ರೆ ನನ್ನನ್ನೂ ಯಾರೋ ಮಡಚಿ ಕಪಾಟಿಗೆ ಇಡ್ತಿದ್ರು."

ವಾರ್ಡಿಗೆ ವಾಪಸಾಗಬೇಕು. ಅದೊಂದೇ ಹಟ. ಹಿರಿಯ ಸಿಸ್ಟರ್ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. "ನೆಟ್ಟಗೆ ನಡ್ಕೊಂಡು ಬಾ. ವ್ಯಾಯಾಮದ ಮೇಡಂ ಸರಿ ಅಂದ್ರೆ, ಒಂದು ಸಲ ನನ್ನ ಮುಂದೆ ಕೆಲಸ ಮಾಡಿ ತೋರಿಸು. ಆಮೇಲೆ ಮಾತಾಡೋಣ," ಎಂದರು.

ವ್ಯಾಯಾಮದ ಮೇಡಂ ಎಂದರೆ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ರೋಗಿಗಳಿಗೆ ಕೈಕಾಲು ಆಡಿಸಲು ಕಲಿಸುವವರು. ಅವರು ಮೊದಲು ಮಾಡಿದ್ದು ಎಣ್ಣೆ ಬಾಟಲಿಯನ್ನು ಕಪಾಟಿಗೆ ಕಳಿಸಿದ್ದು. ಎರಡನೆಯದು, ಸದಾ ಮಲಗಿರಬಾರದು, ಸದಾ ಕೂತಿರಲೂ ಬಾರದು ಎಂದದ್ದು. ಮನೆಯೊಳಗೇ ಸ್ವಲ್ಪ ಸ್ವಲ್ಪ ನಡೆಯಬೇಕು. ನೆಲದ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ಎದೆಯನ್ನಷ್ಟೇ ಮೇಲೆತ್ತಿ ಇರಬೇಕು. ಹೊರಡುವಾಗ ಅವರು ಹೇಳಿದ ಒಂದು ಮಾತು ಮನೆಯವರನ್ನೆಲ್ಲ ತಬ್ಬಿಬ್ಬು ಮಾಡಿತು: "ನೋವು ಪಾದ ಬಿಟ್ಟು ಮೇಲಕ್ಕೆ ಬರ್ತಾ ಇದ್ರೆ ಹೆದರಬೇಡಿ. ಕೊನೆಗೆ ಸೊಂಟದಲ್ಲಿ ಮಾತ್ರ ಉಳಿದ್ರೆ ಗೆದ್ದ ಹಾಗೆ. ಕೆಳಕ್ಕೆ ಇಳಿದ್ರೆ ಮಾತ್ರ ಆ ವ್ಯಾಯಾಮ ನಿಲ್ಲಿಸಿ ನನಗೆ ಹೇಳಿ."

ಆ ಮನೆ ಎರಡೇ ಕೋಣೆಯದು. ಮುಂದಿನ ಕೋಣೆಯ ಗೋಡೆಯ ಮೇಲೆ ಮೊಳೆ ಮೊಳೆಗೂ ಬೀಗದ ಕೈಗಳು. ಗಂಡ ಅಂಗಡಿಯಲ್ಲಿ ಮುಗಿಯದ ಕೆಲಸವನ್ನು ಇಲ್ಲಿ ಕೂತು ಅರದಿಂದ ಉಜ್ಜುತ್ತಾರೆ. ಹಿಂದಿನ ಕೋಣೆಯಲ್ಲಿ ಅತ್ತೆಯ ಮಂಚ. ನಡುವಿನ ಜಾಗದಲ್ಲಿ ಚಾಪೆ ಹಾಸಿ ಕ್ರೇನಕ್ಕ ಬೋರಲು ಮಲಗಿದರೆ ದಾಟಿ ಹೋಗುವವರು ಗೋಡೆ ಸವರಿಕೊಂಡು ಹೋಗಬೇಕು. ದಿನವೂ ಅಂಗಡಿಯಿಂದ ಬಂದ ಗಂಡ ಚಪ್ಪಲಿ ಬಿಡುವ ಮುಂಚೆ ಕೇಳುವ ಪ್ರಶ್ನೆ ಒಂದೇ.

"ಏನೇ, ಎಲ್ಲಿಗೆ ಬಂತು ನಿನ್ನ ಬಸ್ಸು?"

"ಮೀನಖಂಡದ ಸ್ಟಾಪಲ್ಲಿ ನಿಂತಿದೆ ರೀ."

ಕೆಲವು ದಿನ ಬಸ್ಸು ಅಲ್ಲೇ ಕೆಟ್ಟು ನಿಂತಿತು. ಒಮ್ಮೆ, ಮೈ ಹಗುರವಾಯಿತೆಂಬ ಹುಮ್ಮಸ್ಸಿನಲ್ಲಿ ಬಗ್ಗಿ ನೀರಿನ ಬಕೆಟ್ ಎತ್ತಿದ್ದಕ್ಕೆ ಹಿಂದೆ ಹೋಗಿ ಪಾದದಲ್ಲೇ ನಿಂತಿತು. ಆ ದಿನ ಕ್ರೇನಕ್ಕ ಗೋಡೆಗೆ ಮುಖ ಮಾಡಿ ಅತ್ತರು. ಗಂಡ ಸಮಾಧಾನ ಹೇಳಲು ಬಾರದವರು. ಅರದ ಕೆಲಸ ಬದಿಗಿಟ್ಟು ಬಕೆಟ್ಟನ್ನು ಎತ್ತರದ ಕಟ್ಟೆಯ ಮೇಲಿಟ್ಟರು, ಅಷ್ಟೆ. ಅಲ್ಲಿಂದ ಮುಂದೆ ಬಗ್ಗಬೇಕಾದ ಸಾಮಾನೆಲ್ಲ ಒಂದೊಂದಾಗಿ ಸೊಂಟದೆತ್ತರಕ್ಕೆ ಏರಿತು. ಕ್ರಮೇಣ ಬಸ್ಸೂ ಏರಿತು. ಮೊಣಕಾಲು ದಾಟಿತು. ತೊಡೆಗೆ ಬಂತು. ಕಾಲು ಹಗುರವಾದಂತೆಲ್ಲ ಸೊಂಟದ ನೋವು ಹೆಚ್ಚಾದಾಗ ಅತ್ತೆ ಗಾಬರಿಬಿದ್ದರು.

"ಅಯ್ಯಯ್ಯೋ, ಕಾಲಲ್ಲಿದ್ದದ್ದು ಸೊಂಟಕ್ಕೆ ಹತ್ತಿತಲ್ಲೋ! ನಾಳೆ ತಲೆಗೆ ಹತ್ತಿದ್ರೆ ಏನು ಗತಿ?"

"ಈಗಾಗ್ಲೇ ಹತ್ತಿದೆ ಬಿಡಮ್ಮ," ಎಂದರು ಗಂಡ. "ಇಲ್ದಿದ್ರೆ ಮತ್ತೆ ಮನುಷ್ಯರನ್ನ ಎತ್ತೋಕೆ ಹೋಗ್ತೀನಿ ಅಂತಾಳಾ?"

ಇಂಥ ಒಂದು ಭಾನುವಾರ ಉದ್ದಣ್ಣ ಬಂದ. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಂಡು, ಒಳಗೆ ಬರಲೂ ಆಗದೆ ಹೋಗಲೂ ಆಗದೆ ನಿಂತ. ಚಾಪೆಯ ಮೇಲಿದ್ದ ಕ್ರೇನಕ್ಕನಿಗೆ ಎದ್ದು ಕೂರಬೇಕಿತ್ತು. ಗಂಡ ಒಂದು ತೋಳು ಹಿಡಿದರು, ಉದ್ದಣ್ಣ ಇನ್ನೊಂದು. ಗಂಡ "ಒಂದು, ಎರಡು, ಮೂರು" ಎಂದರು. ಗಂಡನ ಕಡೆಯ ತೋಳು ಎದ್ದಿತು, ಉದ್ದಣ್ಣನ ಕಡೆಯದು ಅಲ್ಲೇ ಇತ್ತು.

"ಅಯ್ಯೋ! ಯಾಕೋ ಎತ್ತಲಿಲ್ಲ?" ಎಂದು ಕ್ರೇನಕ್ಕ ಚೀರಿದರು.

"ಇನ್ನೂ ಎತ್ತೋ ಹೊತ್ತೇ ಆಗಿರಲಿಲ್ಲವಲ್ಲಕ್ಕಾ."

"ಮೂರು ಅಂದಾಯ್ತಲ್ಲ!"

"ಹೂಂ, ಮೂರು ಅಂತ ಹೇಳಿ, ಉಸಿರು ಹಿಡಿದು, ಆಮೇಲೆ ತಾನೇ ಎತ್ತೋದು? ನಮ್ಮ ಕೆಳಗಿನ ವಾರ್ಡಲ್ಲಿ ಎಲ್ರೂ ಹಾಗೇ."

ಕ್ರೇನಕ್ಕನ ವಾರ್ಡಿನಲ್ಲಿ ಎತ್ತುವುದು ಮೂರಕ್ಕೆ. ಉದ್ದಣ್ಣನ ವಾರ್ಡಿನಲ್ಲಿ ಎತ್ತುವುದು ಮೂರಾದ ಮೇಲೆ. ಒಂದೇ ಆಸ್ಪತ್ರೆ, ಒಂದೇ ಎಣಿಕೆ, ನಡುವೆ ಒಂದು ಉಸಿರಿನ ಅಂತರ. ಅಷ್ಟು ದಿನ ಕ್ರೇನಕ್ಕ ತಮ್ಮ ಹಣೆಬರಹ ಅಂದುಕೊಂಡಿದ್ದರು. ಉದ್ದಣ್ಣ ತನ್ನ ಕೈ ಜಾರಿತು ಅಂದುಕೊಂಡು ಮುಖ ತೋರಿಸದೆ ತಿರುಗುತ್ತಿದ್ದ. ಮೆತ್ತೆ ಜಾರಿದ್ದು ಆ ಒಂದು ಉಸಿರಿನ ಸಂದಿಯಲ್ಲಿ.

"ಮೂರಕ್ಕೋ, ಮೂರಾದ ಮೇಲೋ ಅಂತ ನಾನೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ," ಎಂದರು ಕ್ರೇನಕ್ಕ ಮೆಲ್ಲಗೆ.

ಆಗ ಹಿಂದಿನ ಕೋಣೆಯ ಮಂಚದಿಂದ ಅತ್ತೆಯ ದನಿ ಬಂತು. ಕಿತ್ತಳೆ ಚೀಲವನ್ನು ಆಗಲೇ ತಮ್ಮ ಕಡೆ ಎಳೆದುಕೊಂಡು ಒಂದನ್ನು ಸುಲಿಯುತ್ತಿದ್ದರು.

"ಮೂರಕ್ಕೆ ಏಳೋದು ಯಾಕ್ರೋ, ದಡ್ಡ ಮುಂಡೇವಾ? ಏಳಕ್ಕೆ ಏಳಿ!"

ಮೊದಲು ನಕ್ಕದ್ದು ಉದ್ದಣ್ಣ. ಆಮೇಲೆ ಗಂಡ. ಕ್ರೇನಕ್ಕ ಸೊಂಟ ಹಿಡಿದುಕೊಂಡು, ನಗಿಸಬೇಡಿ, ನೋವಾಗುತ್ತೆ ಎನ್ನುತ್ತ ನಕ್ಕರು. ನಗು ಇಳಿದ ಮೇಲೆ ಗಂಡ ಮತ್ತೆ ತೋಳು ಹಿಡಿದು, ತಮಾಷೆಗೇ, "ಐದು, ಆರು, ಏಳು" ಎಂದರು. ಎರಡೂ ತೋಳು ಒಟ್ಟಿಗೆ ಎದ್ದವು. ಅವುಗಳ ನಡುವೆ ಕ್ರೇನಕ್ಕನೂ ಎದ್ದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಳು ಎಂದರೆ ಎಣಿಕೆ ಮುಗಿಯಿತು ಎಂದೂ ಆಯಿತು, ಮೇಲೇಳು ಎಂದೂ ಆಯಿತು. ಅದಕ್ಕೂ ಮುಂಚೆ ಎತ್ತುವುದಕ್ಕಿಲ್ಲ, ಅದಾದ ಮೇಲೆ ಕಾಯುವುದಕ್ಕಿಲ್ಲ.

ಬಸ್ಸು ಕೊನೆಗೂ ಸೊಂಟಕ್ಕೆ ಬಂದು, ಅಲ್ಲಿಂದಲೂ ಜನ ಇಳಿದು ಹೋದಂತೆ ಖಾಲಿಯಾಗುತ್ತ ಬಂತು. ಹೆಬ್ಬೆರಳಿನ ಬಲ ಮರಳಿತು. ವ್ಯಾಯಾಮದ ಮೇಡಂ ಈಗ ಬೆನ್ನಿಗಲ್ಲ, ಕೆಲಸಕ್ಕೇ ಪಾಠ ಹೇಳಿದರು. ಎತ್ತುವುದಕ್ಕಿಂತ ಜಾರಿಸುವುದು ಮೇಲು. ಮಂಚವನ್ನು ಸೊಂಟದೆತ್ತರಕ್ಕೆ ತಂದುಕೋ. ಒಂದು ಪಾದ ಮುಂದೆ, ಒಂದು ಹಿಂದೆ. ಭಾರವನ್ನು ಮೈಗೆ ಹತ್ತಿರ ಇಟ್ಟುಕೋ. ಸೊಂಟ ತಿರುಚಬೇಡ, ಪಾದ ತಿರುಗಿಸು. ಎಲ್ಲಕ್ಕಿಂತ ದೊಡ್ಡದು: ಒಬ್ಬಳೇ ಎತ್ತಬೇಡ. ಈ ಕೊನೆಯದು ಕ್ರೇನಕ್ಕನಿಗೆ ಕಲಿಯಲು ಕಷ್ಟವಾಯಿತು.

ಪರೀಕ್ಷೆಯ ದಿನ ವಾರ್ಡಿನಲ್ಲಿ ಎಲ್ಲರಿಗೂ ಏನೋ ಕೆಲಸವಿತ್ತು, ಆದರೆ ಯಾರೂ ಅದನ್ನು ಮಾಡುತ್ತಿರಲಿಲ್ಲ. "ಕ್ರೇನು ಗ್ಯಾರೇಜಿಂದ ಬಂತಾ?" ಎಂದು ಹಳೆಯ ರೋಗಿಯೊಬ್ಬ ಕೂಗಿದ. ಹಿರಿಯ ಸಿಸ್ಟರ್ ಕೈಕಟ್ಟಿ ನಿಂತಿದ್ದರು. ಮಂಚದ ಮೇಲೆ ನಿವೃತ್ತ ಡ್ರಿಲ್ ಮೇಷ್ಟ್ರು. ಎತ್ತರದ ಆಳು, ಬಲಗಾಲಿಗೆ ಆಪರೇಷನ್ ಆಗಿದೆ. ಉದ್ದಣ್ಣ ಕ್ರೇನಕ್ಕನ ಪಕ್ಕದಲ್ಲಿ ನಿಂತು ಹೊದಿಕೆಯ ಅಂಚನ್ನು ಬಿಚ್ಚಿ ಮತ್ತೊಮ್ಮೆ ಬಿಗಿಯಾಗಿ ಸುತ್ತಿದ. ಮತ್ತಿಬ್ಬರು ಕಾಲಿನ ಕಡೆ. ಕ್ರೇನಕ್ಕ ಬ್ರೇಕು ನೋಡಿದರು, ಪಾದಗಳನ್ನು ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಒಂದು ಎರಡು ಮೂರು ಇಲ್ಲ. ಐದರಿಂದ ಶುರು. ಏಳಕ್ಕೆ ಏಳಬೇಕು."

"ಇದೇನು ಹೊಸ ಲೆಕ್ಕ?" ಎಂದರು ಸಿಸ್ಟರ್.

"ನಮ್ಮತ್ತೆ ಲೆಕ್ಕ ಸಿಸ್ಟರ್. ಐದು... ಆರು... ಏಳು!"

ಆಗ ಯಾರೂ ಎಣಿಸದಿದ್ದದ್ದು ನಡೆಯಿತು. ಜೀವಮಾನವಿಡೀ ಮೈದಾನದಲ್ಲಿ ಆಜ್ಞೆ ಕೊಟ್ಟು, ಆಜ್ಞೆ ಪಾಲಿಸಿ ರೂಢಿಯಾಗಿದ್ದ ಮೇಷ್ಟ್ರಿಗೆ 'ಏಳು' ಎಂದದ್ದು ತಮಗೇ ಎಂದು ಕೇಳಿಸಿತು. ಒಳ್ಳೆಯ ಕಾಲನ್ನು ಮಂಚಕ್ಕೆ ಊರಿ, ಎರಡೂ ಮೊಣಕೈ ಒತ್ತಿ, ಅವರು ತಾವೇ ಮೈಯನ್ನು ಮೇಲಕ್ಕೆ ಕೊಟ್ಟರು. ಅದೇ ಕ್ಷಣಕ್ಕೆ ನಾಲ್ವರು ಎಳೆದರು. ಹೊದಿಕೆ ಸರ್ರನೆ ಜಾರಿತು. ಮೇಷ್ಟ್ರು ಟ್ರಾಲಿಯ ಮೇಲೆ ಮಲಗಿ, "ಆಯ್ತಾ? ಅಷ್ಟೇನಾ?" ಎಂದು ಸುತ್ತ ನೋಡಿದರು.

ಅಷ್ಟೇ. ಕ್ರೇನಕ್ಕ ಅಂಗೈಗಳನ್ನು ಸೊಂಟಕ್ಕಿಟ್ಟು ಹಿಂದಕ್ಕೆ ಬಾಗಿ ನೇರವಾದರು. ಕಾಲಿನಲ್ಲಿ ತಂತಿ ಮಿಡಿಯಲಿಲ್ಲ. ಉದ್ದಣ್ಣ ಮುಖ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡ. ಹಿರಿಯ ಸಿಸ್ಟರ್ ಕಟ್ಟಿದ್ದ ಕೈ ಬಿಚ್ಚಿ, "ನಾಳೆ ಬೆಳಗಿನ ಪಾಳಿಗೆ ಬಾ," ಎಂದಷ್ಟೇ ಹೇಳಿ ತಿರುಗಿದರು. ಬಾಗಿಲ ತನಕ ಹೋದವರು ನಿಂತು, "ನಿಮ್ಮತ್ತೆಗೆ ಹೇಳು, ಲೆಕ್ಕ ಸರಿ ಇದೆ ಅಂತ," ಎಂದರು. ಆಗ ವಾರ್ಡಿನಲ್ಲಿ ಎದ್ದ ಚಪ್ಪಾಳೆಯಲ್ಲಿ ಒಂದು ಕೈಗೆ ಪ್ಲಾಸ್ಟರ್ ಇದ್ದವರು ಇನ್ನೊಂದು ಕೈಯಿಂದ ಮಂಚ ಬಡಿದಿದ್ದರಂತೆ.

ಈಗ ಮೂಳೆ ವಾರ್ಡಿನಲ್ಲಿ ಯಾರೂ ಮೂರರವರೆಗೆ ಎಣಿಸುವುದಿಲ್ಲ. ಕೆಳಗಿನ ವಾರ್ಡು ಕಲಿತಿದೆ, ಎಕ್ಸ್‌ರೇ ಕೋಣೆ ಕಲಿತಿದೆ, ಆಂಬುಲೆನ್ಸಿನವರು ಕಲಿತಿದ್ದಾರೆ. ಆಫೀಸಿನಲ್ಲಿ ಕಬ್ಬಿಣದ ಕಪಾಟು ಸರಿಸುವಾಗಲೂ ಐದು, ಆರು, ಏಳು ಕೇಳಿಸುತ್ತದೆ. ಹೊಸದಾಗಿ ಸೇರಿದವರಿಗೆ ಎಣಿಕೆ ಐದರಿಂದಲೇ ಶುರುವಾಗುತ್ತದೆ ಎನ್ನುವಷ್ಟು ಸಹಜವಾಗಿದೆ. ತಕರಾರು ಬಂದದ್ದು ಒಂದೇ ಸಲ. ಸೊಂಟ ಮುರಿದುಕೊಂಡು ಬಂದಿದ್ದ ನಿವೃತ್ತ ಹೆಡ್‌ಮಿಸ್ಸೊಬ್ಬರು ಕಣ್ಣು ಕೆಂಪಗೆ ಮಾಡಿದರು.

"ಏನಮ್ಮ, ವಯಸ್ಸಿಗೆ ಮರ್ಯಾದೆ ಬೇಡ್ವಾ? ಏಳು ಅಂತೀಯಲ್ಲ ನನ್ನನ್ನ!"

"ಅದು ಲೆಕ್ಕ ಅಮ್ಮಾ, ಆರಾದ ಮೇಲೆ ಬರೋದು."

"ಲೆಕ್ಕಕ್ಕೂ ಮರ್ಯಾದೆ ಇರಲಿ."

ಅಂದಿನಿಂದ ಹಿರಿಯರ ಮಂಚದ ಬಳಿ ಕ್ರೇನಕ್ಕ ಕೂಗುವುದು ಬೇರೆ: "ಐದು, ಆರು, ಏಳಿ!" ಹಿರಿಯರು ಏಳುತ್ತಾರೆ.

ನೋವು ಪೂರ್ತಿ ಹೋಗಿದೆಯೇ? ಹೋಗಿಲ್ಲ. ಎಡಗಾಲಿನ ಅಂಚಿನಲ್ಲಿ ಅಂಗೈಯಗಲದ ಜಾಗ ಇಂದಿಗೂ ಮರಗಟ್ಟಿದಂತಿದೆ. ಚಳಿ ಬಿದ್ದ ದಿನ ತಂತಿ ತಾನಿನ್ನೂ ಇದ್ದೇನೆ ಎಂದು ಒಮ್ಮೆ ಮಿಡಿದು ಸುಮ್ಮನಾಗುತ್ತದೆ. ಬೆಳಿಗ್ಗೆ ಎದ್ದು ಮೊದಲು ಚಾಪೆಯ ಮೇಲೆ ಬೋರಲು ಮಲಗಿ ಎದೆ ಎತ್ತುವುದು, ಊಟದ ಬಿಡುವಿನಲ್ಲಿ ಹಜಾರದ ಉದ್ದಕ್ಕೂ ನಡೆಯುವುದು, ಕೂತರೆ ಬೇಗ ಏಳುವುದು ಇವನ್ನು ಅವರು ತಪ್ಪಿಸುವುದಿಲ್ಲ. "ಸವತಿ ಇದ್ದ ಹಾಗೆ ಇದು," ಎನ್ನುತ್ತಾರೆ. "ಹೊಡೆದು ಓಡಿಸೋಕಾಗಲ್ಲ. ಅವಳ ಪಾಲು ಅವಳಿಗೆ ಕೊಟ್ಟುಬಿಟ್ರೆ ನಮ್ಮ ಪಾಲು ನಮಗೆ ಉಳಿಯುತ್ತೆ."

ಪಾಲು ಸಣ್ಣದೇನಲ್ಲ. ಬೆಳಗಿನ ಪಾಳಿಯಲ್ಲಿ ವಾರ್ಡಿನ ಅರ್ಧಕ್ಕಿಂತ ಹೆಚ್ಚು ಮಂಚಗಳ ಮುಂದೆ ಅವರು ನಿಲ್ಲಬೇಕು. ಇರುವವರು ಅವರು ಮತ್ತು ಉದ್ದಣ್ಣ, ಇಬ್ಬರೇ. ಪ್ರತಿ ಸಲವೂ ಪಕ್ಕದ ವಾರ್ಡಿನಿಂದ ಯಾರನ್ನಾದರೂ ಕೂಗಿ ಕರೆಯಬೇಕು. ಅವರು ಬರುವ ತನಕ ಕಾಯಬೇಕು. ಮುಂಚೆಯಾಗಿದ್ದರೆ ಕ್ರೇನಕ್ಕ ಕಾಯುತ್ತಿರಲಿಲ್ಲ. ಈಗ ಕಾಯುತ್ತಾರೆ. ರೋಗಿಯ ಕಡೆಯವರು ಗೊಣಗಿದರೂ, ಮೇಲಿನವರು ಅವಸರ ಮಾಡಿದರೂ, ನಾಲ್ಕು ಜೊತೆ ಕೈ ಸೇರದೆ ಅವರ ಬಾಯಿಂದ ಐದು ಹೊರಡುವುದಿಲ್ಲ. ಹಾಗೆ ನಿಂತ ಮೇಲೆ ಎತ್ತುವ ಕೆಲಸದವರಲ್ಲಿ ಯಾರೊಬ್ಬರೂ ಬೆನ್ನು ಹಿಡಿದುಕೊಂಡು ರಜೆ ಹಾಕಿಲ್ಲ ಎಂದು ಹಿರಿಯ ಸಿಸ್ಟರ್ ಹೆಮ್ಮೆಯಿಂದ ಹೇಳುತ್ತಾರೆ.

ಈ ವಾರ ಆಸ್ಪತ್ರೆಯ ದೊಡ್ಡ ಡಾಕ್ಟರು ಎಲ್ಲ ವಾರ್ಡಿನವರನ್ನು ಸಭಾಂಗಣಕ್ಕೆ ಕರೆಸಿದ್ದಾರೆ. ವೇದಿಕೆಯ ಮೇಲೆ ಒಂದು ಮಂಚ, ಒಂದು ಟ್ರಾಲಿ. ರೋಗಿಯಾಗಿ ಮಲಗಿರುವವರು ಖುದ್ದು ದೊಡ್ಡ ಡಾಕ್ಟರೇ. ಮುಂದಿನ ಸಾಲಿನಲ್ಲಿ ಆಫೀಸಿನವರು. ಒಗೆದ ಸೀರೆಯುಟ್ಟು ಬಂದಿರುವ ಕ್ರೇನಕ್ಕನ ಕಿವಿ ಕೆಂಪಾಗಿದೆ. ಇಷ್ಟು ಜನ ತಮ್ಮನ್ನೇ ನೋಡುವುದು ಅವರಿಗೆ ರೂಢಿಯಿಲ್ಲ. ಆದರೆ ಹೊದಿಕೆಯ ಅಂಚು ಮುಷ್ಟಿಗೆ ಬಂದದ್ದೇ ದನಿ ತಾನಾಗಿ ಗಟ್ಟಿಯಾಗುತ್ತದೆ. ದೊಡ್ಡವರಾದ್ದರಿಂದ 'ಏಳಿ' ಎಂದ ಕೂಡಲೇ ಸಭೆ ನಗುತ್ತದೆ. ಡಾಕ್ಟರು ಟ್ರಾಲಿಯ ಮೇಲೆ ಜಾರಿ ಬರುತ್ತಾರೆ. ಚಪ್ಪಾಳೆ ನಿಲ್ಲುವುದೇ ಇಲ್ಲ. ಉದ್ದಣ್ಣ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕುತ್ತಾನೆ. ಇನ್ನು ಮುಂದೆ ಇಡೀ ಆಸ್ಪತ್ರೆಯಲ್ಲಿ ಇದೇ ಎಣಿಕೆ, ಹೊಸಬರಿಗೆಲ್ಲ ಇವರೇ ಗುರು ಎಂದು ದೊಡ್ಡ ಡಾಕ್ಟರು ಟ್ರಾಲಿಯಿಂದಿಳಿದು ಕೋಟು ಸರಿಪಡಿಸಿಕೊಳ್ಳುತ್ತ ಸಾರುತ್ತಾರೆ.

"ನೀವೂ ಎರಡು ಮಾತು ಹೇಳಿ," ಎಂದು ಮೈಕನ್ನು ಅವರತ್ತ ತಿರುಗಿಸುತ್ತಾರೆ.

ಕ್ರೇನಕ್ಕ ಮೈಕನ್ನು ಮುಟ್ಟುವುದಿಲ್ಲ. ಮುಂದಿನ ಸಾಲಿನ ಕಡೆ ನೋಡಿ, ವಾರ್ಡಿನಲ್ಲಿ ಮಾತಾಡುವ ದನಿಯಲ್ಲೇ ಹೇಳುತ್ತಾರೆ.

"ಎಣಿಸೋದು ನಾನು ಎಣಿಸ್ತೀನಿ ಸರ್. ಎತ್ತೋಕೆ ಇನ್ನಿಬ್ಬರನ್ನ ಕೊಡಿ."